ಜ್ವರದ ಬಸಪ್ಪ, ಆಪರೇಶನ್ ಬಸಪ್ಪ

ಕಾನ್ವೆಂಟಿನಲ್ಲಿ ನಾನು ಕಲಿತ ಇಂಟಿಗ್ರೇಶನ್ ಗಣಿತದ್ದು. ಸಣ್ಣ ಸಣ್ಣ ಚೂರುಗಳನ್ನು ಕೂಡಿಸಿ ಇಡಿಯನ್ನು ಪಡೆಯುವುದು. ಎಪ್ಪತ್ತರ ದಶಕದಲ್ಲಿ, ನಾನು ವಿಜಾಪುರದ ಆಸ್ಪತ್ರೆಯಲ್ಲಿ ನರ್ಸುಗಳ ಮೇಲಿನ ಮೇಟ್ರನ್ ಆಗಿದ್ದಾಗ, ಆ ಶಬ್ದ ಆರೋಗ್ಯ ಇಲಾಖೆಗೂ ಬಂತು. ಅಲ್ಲಿ ಅದರ ಅರ್ಥ ಬೇರೆ: ಮನೆಮನೆಗೆ ಹೋಗಿ ಮಲೇರಿಯಾ ಜ್ವರ ನೋಡುತ್ತಿದ್ದ ನೌಕರನೇ ಇನ್ನು ಮುಂದೆ ಸಂತಾನ ನಿಯಂತ್ರಣದ ಆಪರೇಶನ್ನಿಗೂ ಜನರನ್ನು ಕರೆತರಬೇಕು.

ಅಂಥ ನೌಕರ ಬಸಪ್ಪನೊಂದಿಗೆ ಹತ್ತಿರದ ಊರು ತಿಕೋಟಾದ ಒಂದು ಮನೆಗೆ ಹೋದೆ. ಒಳಗೆ ಮನೆಯ ಮಗ ಜ್ವರದಿಂದ ನಡುಗುತ್ತಿದ್ದ. ಆದರೂ ಬಾಗಿಲು ತೆರೆಯಲಿಲ್ಲ.

“ಯವ್ವಾ, ನಾನ ಬೇ, ಬಸಪ್ಪ. ಗುಳಿಗಿ ತಂದೇನಿ.”

“ಗುಳಿಗಿ ಕೊಟ್ಟು ನನ್ನ ಮಗನ್ನ ಆಪರೇಶನ್ನಿಗೆ ಜೀಪಿನ್ಯಾಗ ಹಾಕ್ಕೊಂಡು ಹೋಗ್ತಿ. ನಡಿ ಲೇ!” ಎಂದಳು ಮುದುಕಿ ಒಳಗಿನಿಂದ.

ಆ ಮನೆಯಲ್ಲಿ ಎಷ್ಟೋ ಸಲ ಚಹಾ ಕುಡಿದಿದ್ದ ಬಸಪ್ಪ ತಲೆ ತಗ್ಗಿಸಿದ. ಅವನನ್ನು ಓಣಿಯ ತುದಿಗೆ ಕಳಿಸಿ ನಾನೊಬ್ಬಳೇ ಬಾಗಿಲು ತಟ್ಟಿದೆ.

“ನರ್ಸಬಾಯಿ ಏನ್ರಿ?”

“ಮೇಟ್ರನ್,” ಎಂದೆ.

ಬಾಗಿಲು ತೆರೆಯಿತು. ಮಗನ ಬೆರಳಿನಿಂದ ಪರೀಕ್ಷೆಗೆ ರಕ್ತದ ಹನಿ ತೆಗೆದು, ಗುಳಿಗೆ ನುಂಗಿಸಿದೆ. ಹೊರಡುವಾಗ ಮುದುಕಿಗೆ ಕಟ್ಟುನಿಟ್ಟಾಗಿ ಹೇಳಿದೆ: “ಇನ್ನೊಮ್ಮೆ ಬಸಪ್ಪ ಬಂದರೆ ಬಾಗಿಲು ತೆಗೆಯಬೇಕು.”

“ಜ್ವರದ ಬಸಪ್ಪನೋ, ಆಪರೇಶನ್ ಬಸಪ್ಪನೋ?”

“ಇಬ್ಬರೂ ಒಬ್ಬನೇ.”

“ಹಂಗಾದ್ರ ತೆಗಿಯೂದಿಲ್ರಿ.”

ಉಳಿದ ಗುಳಿಗೆ ಕೊಡಲು ಮತ್ತೆ ನಾನೇ ಹೋಗಬೇಕಾಯಿತು. ಇಲಾಖೆ ಬಸಪ್ಪನಿಗೆ ಎರಡು ಕೆಲಸ ಕೊಟ್ಟಿತ್ತು. ಆ ಓಣಿಯಲ್ಲಿ ಅವನಿಗೆ ಒಂದೂ ಉಳಿಯಲಿಲ್ಲ.