ನೀಲಿ ಬಾವುಟದ ಕಡಲಿಗೆ ಹೋದದ್ದು

ಹೊಸಕೆರೆಹಳ್ಳಿಯ ಮನೆಗೆ ಬೀಗ ಹಾಕಿ ಐರ್ಲೆಂಡಿಗೆ ಹೊರಟ ದಿನ ನಮ್ಮ ಯಜಮಾನರು ತಿರುಗಿ ತಿರುಗಿ ನೋಡಿದ್ದು ಮನೆಯನ್ನಲ್ಲ, ಬೀದಿ ತುದಿಯ ಬಾವುಟದ ಕಂಬವನ್ನು. ಪ್ರತಿ ಜಯಂತಿಗೂ ಅದಕ್ಕೆ ನೀಲಿ ಬಾವುಟ ಏರಿಸುವವರು ಅವರೇ. ನಮ್ಮ ಬೀದಿಯಲ್ಲಿ ನೀಲಿ ಬಾವುಟ ಎಂದರೆ ಜೈ ಭೀಮ್, ಬುದ್ಧವಂದನೆ, ಆಮೇಲೆ ಬಂದವರಿಗೆಲ್ಲ ಪಲಾವ್. ಡಬ್ಲಿನ್ನಿನಲ್ಲಿ ನರ್ಸ್ ಆಗಿರುವ ಮಗಳು ಶಾಲಿನಿ ಒಂದು ತಿಂಗಳು ಇದ್ದು ಹೋಗಿ ಎಂದು ಟಿಕೆಟ್ ಕಳಿಸಿದ್ದಳು.

ಇಳಿದ ಮರುದಿನವೇ ಒಂದು ರಂಪ. ಮನೆ ಹತ್ತಿರದ ಬೇಕರಿಯ ಬಾಗಿಲ ಮೇಲೆ ಹಸಿರು, ಬಿಳಿ, ಕೇಸರಿ ಪಟ್ಟೆಗಳು ಉದ್ದುದ್ದಕ್ಕೆ ನಿಂತಿದ್ದ ಬಾವುಟವಿತ್ತು. ನಮ್ಮ ದೇಶದ ಬಾವುಟವನ್ನು ಚಕ್ರವಿಲ್ಲದೆ ತಪ್ಪಾಗಿ ಕಟ್ಟಿದ್ದಾರೆಂದು ಯಜಮಾನರು ಒಳಗೆ ನುಗ್ಗಿದರು.

"ಸಾರ್, ಫ್ಲಾಗ್ ರಾಂಗ್. ವೀಲ್ ನೋ."

ಬೇಕರಿಯವನು ನಕ್ಕು ಎರಡು ಬನ್ನು ಕೊಟ್ಟ. ಶಾಲಿನಿ ಮಾತ್ರ ನಗಲಿಲ್ಲ. "ಅಪ್ಪಾ, ಅದು ಈ ದೇಶದ್ದೇ ಬಾವುಟ. ಇನ್ಮೇಲೆ ಯಾವ ಬಾವುಟದ ತಂಟೆಗೂ ಹೋಗ್ಬೇಡ."

ಅಲ್ಲಿಂದ ಅವರ ಬಾಯಿ ಕಟ್ಟಿತು. ಊರಿನಲ್ಲಿ ಹಾಲು ತರಲು ಹೋದರೆ ಗಂಟೆಗಟ್ಟಲೆ ಮಾತಾಡಿ ಬರುವ ಮನುಷ್ಯ. ಇಲ್ಲಿ ಎದುರು ಸಿಕ್ಕವರು ಒಂದು ನಗು ಕೊಟ್ಟು ಮುಂದೆ ಹೋಗುತ್ತಾರೆ. ಎರಡನೇ ವಾರಕ್ಕೇ ಶುರುಮಾಡಿದರು: "ಟಿಕೆಟ್ ಬದಲಾಯ್ಸಮ್ಮ, ನಾನು ಹೋಗ್ತೀನಿ."

ನಮಗಾಗಿ ರಜೆ ಕೂಡಿಟ್ಟಿದ್ದ ಮಗಳ ಕಣ್ಣು ತುಂಬಿತು. ನನಗೆ ಮೈಯೆಲ್ಲ ಉರಿಯಿತು. "ಭಾನುವಾರ ಸಮುದ್ರಕ್ಕೆ ಹೋಗೋಣ. ಆಮೇಲೂ ಬೇಡ ಅನ್ಸಿದ್ರೆ ನಾನೇ ಬುಕ್ ಮಾಡ್ತೀನಿ," ಎಂದಳು ಶಾಲಿನಿ.

ಬಸ್ಸಿಗೆ ತಲೆಗೆ ಎರಡು ಯೂರೋ. "ಈ ದುಡ್ಡಿಗೆ ಮೈಸೂರೇ ಬರೋದು," ಎಂದು ಗೊಣಗಿಕೊಂಡೇ ಅವರು ಕಿಟಕಿ ಪಕ್ಕ ಕೂತರು. ಕಡಲತೀರದಲ್ಲಿ ಬಿಸಿಲಿತ್ತು, ಆದರೆ ಗಾಳಿ ಕೊರೆಯುತ್ತಿತ್ತು. ನಾನು ಸೀರೆ ಮೇಲೆ ಸ್ವೆಟರು, ಅದರ ಮೇಲೆ ಅವರ ಮಫ್ಲರು ಸುತ್ತಿಕೊಂಡಿದ್ದೆ. ಅಲ್ಲಿಯವರು ತುಂಡು ಬಟ್ಟೆಯಲ್ಲಿ ಓಡಾಡುತ್ತಿದ್ದರು. ಸ್ವಲ್ಪ ಹೊತ್ತು ನಾನು ಆಕಾಶವನ್ನೇ ನೋಡಿಕೊಂಡು ನಡೆದೆ. ಮರಳಿನ ಮೇಲೆ ಒಂದು ಕಡಲೆಕಾಯಿ ಸಿಪ್ಪೆಯೂ ಇರಲಿಲ್ಲ. ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ ತಿನ್ನುವಾಗ ಸಿಕ್ಕಿದ ಕರಿಬೇವಿನ ಎಲೆಯನ್ನು ಎಸೆಯಲು ಧೈರ್ಯ ಬಾರದೆ ಡಬ್ಬಿಗೇ ಹಾಕಿಕೊಂಡೆ.

ಯಜಮಾನರು ತುತ್ತು ಬಿಟ್ಟು ಎದ್ದು ನಿಂತರು. "ಅಲ್ನೋಡೇ."

ದೂರದ ಕಂಬದ ಮೇಲೆ ನೀಲಿ ಬಾವುಟ ಹಾರುತ್ತಿತ್ತು.

"ಇಲ್ಲೂ ನಮ್ಮೋರಿದಾರೆ ಕಣೇ. ಸಂಘ ಕಟ್ಕೊಂಡಿದಾರೆ."

ತಲೆ ಬಾಚಿಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು ಹೊರಟೇಬಿಟ್ಟರು. ಕಂಬದ ಕೆಳಗೆ, ಮುಳುಗುವವರನ್ನು ಕಾಪಾಡುವ ಕೆಲಸದ ಹುಡುಗಿಯೊಬ್ಬಳು ಕೂತಿದ್ದಳು. ಇವರು ಕೈ ಮುಗಿದು "ಜೈ ಭೀಮ್" ಎಂದರು. ನಮ್ಮ ಕಡೆಯ ನಮಸ್ಕಾರ ಎಂದುಕೊಂಡಳೋ ಏನೋ, ಅವಳೂ ಎದ್ದು ಕೈ ಮುಗಿದು "ಜೈ ಭೀಮ್" ಎಂದಳು.

ನಮ್ಮತ್ತ ತಿರುಗಿದ ಅವರ ಮುಖ ಊರಗಲವಾಗಿತ್ತು. "ಪ್ರೆಸಿಡೆಂಟ್ ಯಾರು ಅಂತ ಕೇಳಮ್ಮ."

ಓಡಿ ಬಂದ ಶಾಲಿನಿ ಏದುಸಿರಿನಲ್ಲೇ ಬಿಡಿಸಿ ಹೇಳಿದಳು. ಇದು ಸಂಘದ ಬಾವುಟವಲ್ಲ. ಚೊಕ್ಕಟವಾದ ಕಡಲತೀರಕ್ಕೆ ಕೊಡುವ ಗುರುತು. ನೀರನ್ನು ಪರೀಕ್ಷೆ ಮಾಡುತ್ತಲೇ ಇರುತ್ತಾರೆ, ಕೆಟ್ಟರೆ ಬಾವುಟ ಇಳಿಸುತ್ತಾರೆ.

ಅವರ ಮುಖ ಸಣ್ಣಗಾಯಿತು. ನನಗೆ ಅಯ್ಯೋ ಎನಿಸಿತು. ಇನ್ನು ಟಿಕೆಟ್ ಬದಲಾಯಿಸುವುದೇ ಸೈ ಎಂದುಕೊಂಡೆ. ಆದರೆ ಅವರು ಕಂಬದ ಹತ್ತಿರವೇ ನಿಂತು ಕಡಲನ್ನು ನೋಡುತ್ತಿದ್ದರು.

"ಈ ನೀರಿಗೆ ಯಾರು ಬೇಕಾದ್ರೂ ಇಳೀಬಹುದಾ, ಕೇಳು."

ಶಾಲಿನಿ ಕೇಳಿದಳು. ಹುಡುಗಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಕೇಳಿಸಿಕೊಂಡು ಏನೋ ಹೇಳಿದಳು.

"ಬೇಡ ಅನ್ನೋಕೆ ಯಾರಿದಾರೆ ಅಂತಾಳಪ್ಪ."

ನಮ್ಮ ಅತ್ತೆ, ಹೊಸಕೆರೆಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ, ಬಾವಿಯಿಂದ ದೂರ ಕೊಡ ಇಟ್ಟು ಯಾರಾದರೂ ನೀರು ಹೊಯ್ಯಲಿ ಎಂದು ಕಾಯುತ್ತಿದ್ದರಂತೆ. ಪ್ರತಿ ಜಯಂತಿಗೂ ಇವರು ಮೈಕಿನಲ್ಲಿ ಇದನ್ನು ಹೇಳುತ್ತಾರೆ.

"ಹಂಗಾದ್ರೆ ಇದು ನಮ್ಮ ಬಾವುಟನೇ ಬಿಡು," ಎಂದು ಪ್ಯಾಂಟು ಮಡಿಸಿ ನಡೆದರು. ನೀರು ತಾಗಿದ್ದೇ "ಅಯ್ಯಯ್ಯಪ್ಪಾ" ಎಂದು ಕೂಗಿದ್ದು ದಡಕ್ಕೆಲ್ಲ ಕೇಳಿಸಿತು. ಹಲ್ಲು ಕಟಕಟ ಎನ್ನುತ್ತಿದ್ದರೂ ಈಚೆ ಬರಲಿಲ್ಲ. "ಬಾರೇ, ಟೆಸ್ಟ್ ಮಾಡಿರೋ ನೀರು," ಎಂದು ಕರೆದರು. ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ. ಬೊಗಸೆಯಲ್ಲಿ ನೀರು ತೆಗೆದು, ಅತ್ತೆಯನ್ನು ನೆನೆದು ತಲೆಗೆ ಹಾಕಿಕೊಂಡೆ. ಅಳು ಬಂತು. ಚಳಿಯೂ ಸಖತ್ತಾಗಿತ್ತು.

ಹಿಂದಿರುಗುವ ಬಸ್ಸಿನಲ್ಲಿ ಬಾವುಟ ಮರೆಯಾಗುವ ತನಕ ಅವರು ಕತ್ತು ತಿರುಗಿಸಿಕೊಂಡೇ ಇದ್ದರು. ಶಾಲಿನಿ ಮೆಲ್ಲಗೆ ಕೇಳಿದಳು, "ಅಪ್ಪಾ, ಟಿಕೆಟ್?"

"ಅದಿರ್ಲಿ. ಬಾವುಟದ ಕೆಳಗೆ ಇವತ್ತು ಯಾರಿಗೂ ಏನೂ ಹಂಚಲಿಲ್ಲ. ಮುಂದಿನ ಭಾನುವಾರ ಪಲಾವ್ ಮಾಡ್ಕೊಂಡ್ ಬರೋಣ. ಆ ಹುಡುಗಿ ಖಾರ ತಿಂತಾಳಾ?"