ಮೌಸ್ ಹಿಡಿದು ಬಂದ ಪ್ರದಕ್ಷಿಣೆ

ಕಣ್ಣಿಗೆ ವಿ.ಆರ್. ಡಬ್ಬಿ ಕಟ್ಟಿಕೊಂಡು ಮನೆಯಲ್ಲೇ ಕಾಶಿ ನೋಡುವುದು ಭಕ್ತಿಯಲ್ಲ ಎನ್ನುವವರು ಈಗ ಬಹಳ ಜನ. ಅನ್ನಲಿ. ಅಂಥದ್ದನ್ನೇ ನೋಡಿದ ಮೇಲೆ ನಮ್ಮ ಅತ್ತೆ ಊಟ ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನು.

ಅತ್ತೆ ಬಿದ್ದು ಸೊಂಟದ ಮೂಳೆ ಮುರಿದ ವರ್ಷವೇ ನಮ್ಮ ಕಾಪುವಿನ ಮನೆಗೆ ಹಳೆಯ ಕಂಪ್ಯೂಟರ್ ಬಂದದ್ದು, ಮಣಿಪಾಲದಲ್ಲಿ ಓದುತ್ತಿದ್ದ ಮಗಳಿಗಾಗಿ. ಅತ್ತೆಯ ಕಣ್ಣು, ಕಿವಿ, ನಾಲಿಗೆಯಾದರೂ ಉಳಿದವಲ್ಲಾ, ದೇವರ ದಯೆ ಎಂದುಕೊಂಡೆ. ನಾಲಿಗೆಯಂತೂ ಚೆನ್ನಾಗಿಯೇ ಉಳಿದಿತ್ತು.

ಕಷ್ಟವಾದದ್ದು ದ್ವಾದಶಿಗೆ. ಏಕಾದಶಿಯ ಉಪವಾಸದ ಮರುದಿನ ದೇವರಿಗೆ ಪ್ರದಕ್ಷಿಣೆ ಬಂದ ಮೇಲೆಯೇ ಊಟ, ಇದು ಅತ್ತೆಯ ಕ್ರಮ. ಈಗ ಮಂಚ ಇಳಿಯುವಂತಿಲ್ಲ. ಎಲೆ ಇಟ್ಟರೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಡಾಕ್ಟರು ಬೈದರೂ ಕೇಳಲಿಲ್ಲ. ಸಲದಿಂದ ಸಲಕ್ಕೆ ಸೊರಗುತ್ತಿದ್ದರು.

ಮಗಳು ಕಾಲೇಜಿನ ಕೆಲಸಕ್ಕೆಂದು, ಅಪ್ಪಣೆ ಕೇಳಿ, ನಮ್ಮ ದೇವಸ್ಥಾನದ ಸುತ್ತಿನಲ್ಲಿ ಫೋಟೋ ತೆಗೆದಿದ್ದಳು. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಒಳಗೇ ನಡೆದಾಡುವ ಹಾಗೆ ಮಾಡಿದ್ದಳು. ಬಾಣದ ಗುರುತು ಒತ್ತಿದರೆ ಮುಂದಿನ ಕಂಬ. ಮೌಸ್ ಎಳೆದರೆ ಮೇಲಿನ ಮಾಡು, ಕೆಳಗಿನ ನೆಲ, ಎಲ್ಲ ಕಾಣುತ್ತಿತ್ತು. ಅಜ್ಜಿಗೆ ಇದನ್ನೇ ತೋರಿಸುವ ಎಂದಳು.

ಕಾರ್ಕಳದಿಂದ ಬಂದಿದ್ದ ಗಂಡನ ಅಕ್ಕ ನಕ್ಕರು. "ಇದೆಂತ ಮಾರಾಯ್ತಿ, ಟಿವಿಯಲ್ಲಿ ಪುಣ್ಯ ಸಿಗುತ್ತದಾ? ಹಾಗಾದರೆ ಪಾಯಸದ ಫೋಟೋವನ್ನೂ ತೋರಿಸು, ಹೊಟ್ಟೆ ತುಂಬಲಿ."

ನಾನು ಕಂಪ್ಯೂಟರಿನ ಮೇಜನ್ನು ಮಂಚದ ಹತ್ತಿರ ಎಳೆದೆ. ಅತ್ತೆಯ ಮೈ ಒರೆಸಿ, ಮಡಿ ಸೀರೆ ಉಡಿಸಿ, ಒರಗಿಸಿ ಕೂರಿಸಿದೆ. ಕರೆಂಟು ಇತ್ತು, ಅದೂ ಒಂದು ದಯೆ. ಮಗಳು ಬಲಗಡೆಯ ಬಾಣ ಒತ್ತಿದಳು.

"ನಿಲ್ಲಿಸು!" ಅತ್ತೆ ಕೂಗಿದರು. "ದೇವರು ನನ್ನ ಎಡಕ್ಕೆ ಬಂದರಲ್ಲ! ಅಪ್ರದಕ್ಷಿಣೆ ಮಾಡಿಸುತ್ತೀಯಾ?"

ಕಂಪ್ಯೂಟರಿನಲ್ಲಿ ಮುಂದೆ ಎಂದರೆ ಬಲಕ್ಕೆ, ಹುಡುಗಿಗೆ ಅಷ್ಟೇ ಗೊತ್ತು. "ಫೋಟೋ ಅಲ್ವಾ ಅಜ್ಜಿ, ಎಂತ ಆಗುತ್ತದೆ?"

"ಬರೀ ಫೋಟೋ ಆದರೆ ನನಗೆ ಯಾಕೆ ತೋರಿಸುತ್ತಿ? ಹಿಂದೆ ಹೋಗು. ಬಾಗಿಲಿನಿಂದ ಶುರು ಮಾಡು. ದೇವರು ಬಲಕ್ಕೇ ಇರಬೇಕು."

ಮಗಳು ಹಿಂದೆ ಬಂದು ಎಡಗಡೆಯ ಬಾಣ ಒತ್ತಿದಳು. ಅತ್ತೆ ಕೈಮುಗಿದರು. "ಮೆಲ್ಲ ಹೋಗು, ಅಲ್ಲಿ ಎಣ್ಣೆ ಚೆಲ್ಲಿರುತ್ತದೆ, ಕಾಲು ಜಾರೀತು" ಎಂದರು. ಗರ್ಭಗುಡಿಯ ಹಿಂಭಾಗ ಬಂದಾಗ, ಯಾವಾಗಲೂ ಗೋಡೆ ಮುಟ್ಟಿ ನಮಸ್ಕರಿಸುತ್ತಿದ್ದ ಹಾಗೆಯೇ, ಕೈ ಚಾಚಿ ಪರದೆಯ ಗಾಜು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ. ಸುತ್ತು ಮುಗಿಯಿತು.

"ಎಲೆ ಹಾಕು" ಎಂದರು ನನಗೆ.

ಗಂಡನ ಅಕ್ಕ ನನ್ನ ಹಿಂದೆಯೇ ಅಡಿಗೆಮನೆಗೆ ಬಂದರು. "ಇದು ನಿಜವಾದ ಪ್ರದಕ್ಷಿಣೆ ಅಂತ ಅಮ್ಮನನ್ನು ನಂಬಿಸಿದ್ದು ಪಾಪ ಅಲ್ವಾ?"

"ಅವರನ್ನು ಯಾರೂ ನಂಬಿಸಲಿಲ್ಲ ಅತ್ತಿಗೆ, ಅವರೇ ನಮ್ಮನ್ನು ತಿದ್ದಿದ್ದು. ಪಾಪ ಇದ್ದರೆ ನನಗಿರಲಿ. ಬರುವ ದ್ವಾದಶಿಗೂ ಹೀಗೇ ಮಾಡಿಸುತ್ತೇನೆ. ನೀವು ಆ ತುಪ್ಪ ತನ್ನಿ."

ತಂದರು. ಅತ್ತೆ ಅನ್ನ, ತೊವ್ವೆ ಉಂಡರು. ಮತ್ತೆ ಬಟ್ಟಲು ಮುಂದೆ ಮಾಡಿ ಕೇಳಿದರು, "ಪಾಯಸ ಎಲ್ಲಿ? ಫೋಟೋ ತೋರಿಸಬೇಡಿ, ಬಡಿಸಿ."