ಸೆರಗಿನಿಂದ ಮುಖಪುಟಕ್ಕೆ

ಮುಖಪುಟದಲ್ಲಿ ಆಂಟಿಯ ಮುಖವೇ ಇರಲಿಲ್ಲ. ಪ್ರೆಸ್ಸಿನಿಂದ ಬಂದ ಪ್ರೂಫ್ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಮತ್ತೆ ಮತ್ತೆ ನೋಡಿದೆ. ಕೇಸರಿ ಬಣ್ಣದ ರೇಷ್ಮೆ ಸೀರೆ ಚೆನ್ನಾಗಿ ಮೂಡಿತ್ತು. ಹಿಂದಿನ ಗೋಡೆ ಬೆಳ್ಳಗೆ ಇತ್ತು. ಇವೆರಡರ ನಡುವೆ, ಮುಖ ಇರಬೇಕಾದ ಜಾಗದಲ್ಲಿ, ಮಸಿ ಬಳಿದಂಥ ಗುಂಡನೆಯ ಕಪ್ಪು. ಕಣ್ಣು ಎಲ್ಲಿ, ಮೂಗು ಎಲ್ಲಿ ಎಂದು ಹುಡುಕಬೇಕಿತ್ತು. ಕಿಟಕಿಯ ಹತ್ತಿರ ಬೆಳಕಿಗೆ ಹಿಡಿದೆ. ಹಲ್ಲು ಮಾತ್ರ ಕಂಡಿತು.

ಅದು ನಮ್ಮ ಪತ್ರಿಕೆಯ ಎರಡನೆಯ ಸಂಚಿಕೆ. ಪತ್ರಿಕೆ ಎಂದರೆ ದೊಡ್ಡದೇನಲ್ಲ, ಮೂವರು ಹೆಂಗಸರು ಬಿಡುವಿನಲ್ಲಿ ಮಾಡುತ್ತಿದ್ದ ತೆಳ್ಳನೆಯ ಪುಸ್ತಕ. ನಾನು ಜಪಾನಿನ ಕಾವಾಸಾಕಿಯ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಇನ್ನೊಬ್ಬಳು ದೂರದ ಸೆಂಡಾಯ್‌ನಲ್ಲಿ ಸಿನಿಮಾದ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದ ಮೈಸೂರಿನ ಹುಡುಗಿ, ನನ್ನನ್ನು ಅಕ್ಕಾ ಅನ್ನುವವಳು. ಮೂರನೆಯವಳು ಫೋಟೋಗ್ರಾಫರ್. ಅವಳ ತಾಯಿ ಜಪಾನಿನವರು, ತಂದೆ ಘಾನಾದವರು. ಹುಟ್ಟಿ ಬೆಳೆದದ್ದು ಕಾವಾಸಾಕಿಯಲ್ಲೇ, ಬರುವ ಭಾಷೆ ಜಪಾನಿ ಒಂದೇ. ಆದರೂ ಅವಳು ಮನೆ ಹತ್ತಿರದ ಕೊಂಬಿನಿ ಅಂಗಡಿಗೆ ಹಾಲು ತರಲು ಹೋದರೆ ಅಂಗಡಿಯವರು ಕಷ್ಟಪಟ್ಟು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಕಪ್ಪು, ಕಂದು ಮೈಬಣ್ಣದ ನಮ್ಮಂಥವರು ಈ ದೇಶದಲ್ಲಿದ್ದು ತೆಗೆಯುವ ಚಿತ್ರಗಳು, ಮಾಡುವ ಸಿನಿಮಾಗಳು, ಪರದೆಯ ಮೇಲೆ ನಾವು ಕಾಣುವ ರೀತಿ ಇವುಗಳ ಬಗ್ಗೆ ನಾವೇ ಬರೆಯೋಣ ಅಂದುಕೊಂಡು ಶುರು ಮಾಡಿದ್ದೆವು. ಬರಹ ಜಪಾನಿ ಮತ್ತು ಇಂಗ್ಲಿಷಿನಲ್ಲಿ. ಸೆಂಡಾಯ್ ಹುಡುಗಿ ಹಟ ಹಿಡಿದದ್ದರಿಂದ ಒಂದು ಪುಟ ಕನ್ನಡ.

ಆಂಟಿ ಸಿಕ್ಕಿದ್ದು ಕನ್ನಡದವರೆಲ್ಲ ಸೇರಿ ಮಾಡಿದ ಯುಗಾದಿ ಊಟದಲ್ಲಿ. ಮದುವೆಯಾಗಿ ಬೆಂಗಳೂರಿನಿಂದ ಬಂದು, ಗಂಡನ ಬಟ್ಟೆ ವ್ಯಾಪಾರಕ್ಕೆ ಜೊತೆಯಾಗಿ, ಇಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಒಬ್ಬಟ್ಟು ಬಡಿಸುತ್ತಿದ್ದ ಅವರು ನಾವು ಸಿನಿಮಾ ಮಾತಾಡುವುದನ್ನು ಕೇಳಿಸಿಕೊಂಡು ನಿಂತರು.

"ನಾನೂ ಸಿನಿಮಾದಲ್ಲಿ ಮಾಡಿದೀನಿ ಕಣಮ್ಮ."

"ಹೌದಾ ಆಂಟಿ? ಯಾವುದ್ರಲ್ಲಿ?"

"ಬೇಕಾದಷ್ಟರಲ್ಲಿ. ಆದ್ರೆ ನೀವ್ಯಾರೂ ನನ್ನ ನೋಡಿರಲ್ಲ. ನಾನೂ ನೋಡಿಲ್ಲ ಅನ್ಕೋ."

ಆಮೇಲೆ ಅವರ ಮನೆಗೆ ಹೋದಾಗ ಅರ್ಥವಾಯಿತು. ಸಿನಿಮಾದಲ್ಲಿ ಒಂದು ದೊಡ್ಡ ಹೋಟೆಲಿನ ಪಾರ್ಟಿ ಇದ್ದರೆ, ವಿಮಾನ ನಿಲ್ದಾಣ ಇದ್ದರೆ, ರಾಯಭಾರಿಯ ಮನೆಯ ಔತಣ ಇದ್ದರೆ, ಹಿಂದೆ ನಿಲ್ಲಲು ವಿದೇಶಿಯರು ಬೇಕು. ಒಮ್ಮೆ ಅಂಥವರನ್ನು ಹುಡುಕಿಕೊಂಡು ಅಂಗಡಿಗೆ ಬಂದ ಏಜೆಂಟ್ ಒಬ್ಬ ಇವರನ್ನು ಕರೆದ. ರೇಷ್ಮೆ ಸೀರೆ ಉಟ್ಟು ಬನ್ನಿ ಅಂದ. ಅಲ್ಲಿ ಹೋದ ಮೇಲೆ, ದೀಪಕ್ಕೆ ಹೊಳೆಯುತ್ತದೆ, ಮೂಗುಬೊಟ್ಟು ತೆಗೆಯಿರಿ ಅಂದರು. ಸ್ವಲ್ಪ ಹಿಂದೆ ನಿಲ್ಲಿ, ಇನ್ನೂ ಸ್ವಲ್ಪ ಹಿಂದೆ ಅಂದರು. ಮಧ್ಯಾಹ್ನ ಮೀನಿನ ಊಟದ ಡಬ್ಬಿ ಕೊಟ್ಟರು. ಆಂಟಿ ಅನ್ನ, ಉಪ್ಪಿನಕಾಯಿ ಮಾತ್ರ ತಿಂದರು. ಆದರೂ ಆ ಕೆಲಸ ಅವರಿಗೆ ಖುಷಿ ಕೊಟ್ಟಿತು. ಯಾರು ಕರೆದರೂ ಹೋದರು, ವರ್ಷಗಟ್ಟಲೆ ಹೋದರು.

ಸೆಂಡಾಯ್ ಹುಡುಗಿ ಬಂದ ಭಾನುವಾರಗಳಂದು ನಾವು ಮೂವರೂ ಆಂಟಿಯ ಸೋಫಾದ ಮೇಲೆ ಕೂತು, ಅವರು ಕೂಡಿಟ್ಟಿದ್ದ ಸಿನಿಮಾ, ಧಾರಾವಾಹಿಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆವು. ನಾಯಕ ನಾಯಕಿಯ ಹಿಂದೆ ಮಸುಕು ಮಸುಕಾಗಿ ಜನ.

"ನಿಲ್ಸು, ನಿಲ್ಸು! ಅಗೋ, ಆ ಸೆರಗು ನಂದು. ಮಾವಿನಕಾಯಿ ಅಂಚು ನೋಡು."

ಒಂದರಲ್ಲಿ ಸೆರಗು, ಇನ್ನೊಂದರಲ್ಲಿ ಜಡೆ, ಮತ್ತೊಂದರಲ್ಲಿ ಲೋಟ ಹಿಡಿದ ಕೈ. ಎಲ್ಲ ನೋಡಿ ಮುಗಿಸಿದಾಗ ಫೋಟೋಗ್ರಾಫರ್, "ನಾನು ನಿಮ್ಮ ಮುಖದ ಫೋಟೋ ತೆಗೆಯಲೇ?" ಎಂದು ಕೇಳಿದಳು. ಆಂಟಿ ಎದ್ದು ಹೋಗಿ ಮೂಗುಬೊಟ್ಟು ಹಾಕಿಕೊಂಡು ಬಂದರು.

ಆ ಫೋಟೋ ಕಂಪ್ಯೂಟರಿನಲ್ಲಿ ಎಷ್ಟು ಚೆನ್ನಾಗಿತ್ತೆಂದರೆ, ಮುಖಪುಟಕ್ಕೆ ಬೇರೆ ಯಾವುದನ್ನೂ ನಾವು ಯೋಚಿಸಲೇ ಇಲ್ಲ. ಮಿನಾಟೋದಲ್ಲಿ ಸಣ್ಣ ಪ್ರಕಾಶಕರ ಪುಸ್ತಕ ಸಂತೆ ಇತ್ತು. ನಮಗೂ ಒಂದು ಮೇಜು ಸಿಕ್ಕಿತ್ತು. ಆಂಟಿ ಅದಕ್ಕಾಗಿ ಸೀರೆ ಇಸ್ತ್ರಿ ಮಾಡಿಟ್ಟುಕೊಂಡಿದ್ದರು. ಮೈಸೂರಿನ ತಂಗಿಗೂ ಫೋನು ಮಾಡಿ ಹೇಳಿದ್ದರು. ಸಂತೆ ಆ ವಾರದ ಕೊನೆಗೇ ಇದ್ದಾಗ ಈ ಪ್ರೂಫ್ ಬಂತು.

ಮೂವರೂ ವಿಡಿಯೋ ಕರೆಯಲ್ಲಿ ಸೇರಿದೆವು. ಸೆಂಡಾಯ್ ಹುಡುಗಿ ಹೆದರಿದ್ದಳು.

"ಅಕ್ಕಾ, ಕವರ್ ಚೇಂಜ್ ಮಾಡಿಬಿಡೋಣ. ಸೆರಗಿನ ಫೋಟೋ ಹಾಕೋಣ. ಅದು ಸೇಫ್, ಚೆನ್ನಾಗೂ ಪ್ರಿಂಟ್ ಆಗುತ್ತೆ. ಕಾನ್ಸೆಪ್ಟ್‌ಗೂ ಸರಿ ಹೋಗುತ್ತೆ."

ಅವಳು ಅದನ್ನೇ ಜಪಾನಿಯಲ್ಲಿ ಹೇಳಿದಾಗ ಫೋಟೋಗ್ರಾಫರ್, "ಎಲ್ಲರೂ ಅವರ ಸೆರಗನ್ನೇ ತೋರಿಸಿದ್ದಾರೆ. ನಾವೂ ಅದನ್ನೇ ತೋರಿಸುವುದಾದರೆ ಈ ಪತ್ರಿಕೆ ಯಾಕೆ?" ಅಂದಳು. ಅವಳ ಮಾತು ಸರಿ ಅನ್ನಿಸಿತು. ಆದರೆ ಸಂತೆಯ ದಿನ ಕೈಯಲ್ಲಿ ಪುಸ್ತಕವೇ ಇಲ್ಲದೆ ಹೋದರೆ ಎಂಬ ದಿಗಿಲು ನನ್ನದು. ಕೊನೆಗೆ ಆಂಟಿಯನ್ನೇ ಒಂದು ಮಾತು ಕೇಳುತ್ತೇನೆ ಎಂದು ಅವರಿಗೆ ಫೋನು ಮಾಡಿದೆ. ಪ್ರಿಂಟಿನಲ್ಲಿ ಮುಖ ಸರಿಯಾಗಿ ಬಂದಿಲ್ಲ, ಬೇರೆ ಚಿತ್ರ ಹಾಕಬೇಕಾಗಬಹುದು ಎಂದು ಸುತ್ತಿ ಬಳಸಿ ಹೇಳಿದೆ.

ಆಂಟಿ ನಕ್ಕರು. "ಅಯ್ಯೋ, ಅದಕ್ಯಾಕೆ ಅಷ್ಟು ಸಂಕೋಚ? ಕಾಣದೇ ಇದ್ರೂ ಪರವಾಗಿಲ್ಲ ಬಿಡಮ್ಮ. ನಂಗೆ ಅಭ್ಯಾಸ ಇದೆ."

ಅವರು ಬೇಸರದಿಂದ ಹೇಳಿದ್ದರೆ ನಾನು ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದೆನೋ ಏನೋ. ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ ಹೇಳಿದರು. ಫೋನು ಇಟ್ಟವಳೇ ಇಬ್ಬರಿಗೂ ಬರೆದೆ: ಕವರ್ ಬದಲಾಯಿಸುವುದು ಬೇಡ. ನಾಳೆ ಪ್ರೆಸ್ಸಿಗೆ ಹೋಗೋಣ. ಸೆಂಡಾಯ್ ಹುಡುಗಿ ಮಾರನೆಯ ಬೆಳಿಗ್ಗೆ ರೈಲು ಹತ್ತಿ ಬಂದೇಬಿಟ್ಟಳು. ನಾನು ಆಫೀಸಿಗೆ ರಜ ಹಾಕಿದೆ.

ಪ್ರೆಸ್ಸು ಕಾವಾಸಾಕಿಯ ಕಾರ್ಖಾನೆಗಳ ಸಾಲಿನಲ್ಲಿತ್ತು. ಯಜಮಾನರು ಮಧ್ಯವಯಸ್ಸಿನವರು, ತುಂಬಾ ಮರ್ಯಾದಸ್ಥರು. ನಾವು ಹೇಳಿದ್ದನ್ನು ಪೂರ್ತಿ ಕೇಳಿ ತಲೆ ಬಾಗಿಸಿ, "ನೀವು ಕಳಿಸಿದ ಫೈಲಿನಲ್ಲಿ ಇದ್ದ ಹಾಗೇ ಬಂದಿದೆ" ಅಂದರು. ತಪ್ಪು ಯಾರದ್ದೂ ಅಲ್ಲ ಎಂಬಂತೆ ಕೈ ಕಟ್ಟಿ ನಿಂತರು. ಮಾತು ಅಲ್ಲಿಗೇ ನಿಂತುಹೋಗುತ್ತದೆ ಅನ್ನಿಸಿತು.

ಫೋಟೋಗ್ರಾಫರ್ ಪ್ರೂಫ್ ಹಾಳೆಯನ್ನು ಎತ್ತಿ ತನ್ನ ಕೆನ್ನೆಯ ಪಕ್ಕ ಹಿಡಿದಳು. "ಸುಮಿಮಾಸೆನ್, ಕ್ಷಮಿಸಿ. ಒಂದು ಸಲ ನನ್ನ ನೋಡಿ, ಆಮೇಲೆ ಇದನ್ನು ನೋಡಿ. ನಾನು ಅವರಿಗಿಂತ ಕಪ್ಪು. ನನ್ನ ಮುಖ ನಿಮಗೆ ಕಾಣಿಸುತ್ತಿದೆಯಲ್ಲ?"

ಯಜಮಾನರು ಮುಜುಗರದಿಂದ ಕಣ್ಣು ತಗ್ಗಿಸಿದರು. ಮತ್ತೆ ಎತ್ತಿದರು. ಈ ಸಲ ನಿಜವಾಗಿ ನೋಡಿದರು. "ಕಾಣಿಸುತ್ತಿದೆ" ಅಂದರು. "ಹಾಗಾದರೆ ಚಿತ್ರವನ್ನು ತಿಳಿ ಮಾಡೋಣ."

ಅವರು ತಿಳಿ ಮಾಡಿ ತೆಗೆದ ಹಾಳೆಯಲ್ಲಿ ಆಂಟಿ ಬೂದಿ ಬಳಿದುಕೊಂಡು ಕೂತಂತಿದ್ದರು. ಸೀರೆಯೂ ಸಪ್ಪಗಾಗಿತ್ತು. "ಇದು ಕಾಯಿಲೆ ಬಿದ್ದೋರ ಥರ ಇದೆ ಅಕ್ಕಾ" ಎಂದು ಸೆಂಡಾಯ್ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು. ಫೋಟೋಗ್ರಾಫರ್ ತಲೆ ಅಲ್ಲಾಡಿಸಿದಳು. "ಬೆಳ್ಳಗೆ ಮಾಡುವುದು ಬೇಡ. ಕಪ್ಪಾಗಿಯೇ ಇರಲಿ, ಆದರೆ ಕಾಣಲಿ."

ಯಜಮಾನರು ಇದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಂತೆ ಕಂಡಿತು. ಆಮೇಲೆ ಅವರೇ ಕುರ್ಚಿ ಎಳೆದು ಅವಳನ್ನು ಕಂಪ್ಯೂಟರಿನ ಪಕ್ಕ ಕೂರಿಸಿಕೊಂಡರು. ಅವಳಿಗೆ ಚಿತ್ರ ಗೊತ್ತು, ಅವರಿಗೆ ಇಂಕು ಗೊತ್ತು. ಸೀರೆ, ಗೋಡೆಗಳನ್ನು ಮುಟ್ಟದೆ ಮುಖದಲ್ಲಿ ಮಾತ್ರ ಕಪ್ಪು ಇಂಕು ತಗ್ಗಿಸಿದರು, ಕೆಂಪು, ಹಳದಿ ಏರಿಸಿದರು. ಒಂದು ಹಾಳೆಯಲ್ಲಿ ಕೆಂಪು ಹೆಚ್ಚಾಯಿತು, ಇನ್ನೊಂದರಲ್ಲಿ ಕತ್ತು ಒಂದು ಬಣ್ಣ, ಮುಖ ಒಂದು ಬಣ್ಣವಾಯಿತು. ಒಂದು ಹಂತದಲ್ಲಿ ಅವರು ತುಂಬಾ ಸಂಕೋಚದಿಂದ ನನ್ನ ಕಡೆ ತಿರುಗಿ, "ದಯವಿಟ್ಟು ನಿಮ್ಮ ಕೈಯನ್ನು ಇಲ್ಲಿ ಇಡುತ್ತೀರಾ?" ಅಂದರು. ದೀಪದ ಕೆಳಗೆ, ಹಾಳೆಯ ಪಕ್ಕ ಕೈ ಇಟ್ಟೆ. ಸೆಂಡಾಯ್ ಹುಡುಗಿಯೂ ಇಟ್ಟಳು, ಫೋಟೋಗ್ರಾಫರ್ ಕೂಡ ಇಟ್ಟಳು. ಮೂರು ಬಗೆಯ ಬಣ್ಣದ ಮೂರು ಕೈ. ಯಜಮಾನರು ಬಗ್ಗಿ ನೋಡಿದರು. ಒಂದರಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದರು. "ಇಷ್ಟೊಂದು ಹಳದಿ ಇದೆಯೆಂದು ನನಗೆ ಗೊತ್ತಿರಲಿಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಅದರ ಮುಂದಿನ ಹಾಳೆ ಹೊರಬಂದಾಗ ಅದರಲ್ಲಿ ಆಂಟಿ ಇದ್ದರು. ಹಣೆಯ ಮೇಲಿನ ಬೆಳಕು, ಕಣ್ಣಿನ ಕೆಳಗಿನ ನೆರಿಗೆ, ಏನೋ ತಮಾಷೆ ಹೇಳಲು ಹೊರಟಂತೆ ಒಂದು ಕಡೆ ಏರಿದ ತುಟಿ, ಎಲ್ಲ ಇತ್ತು. ಸೆಂಡಾಯ್ ಹುಡುಗಿ ಅಲ್ಲೇ ಕಾಗದದ ಕಟ್ಟಿನ ಮೇಲೆ ಕುಸಿದು ಕೂತು, "ಅಬ್ಬಾ!" ಅಂದಳು. ಕನ್ನಡದ ಆ ಒಂದು ಶಬ್ದ ಯಜಮಾನರಿಗೂ ಅರ್ಥವಾಗಿರಬೇಕು, ನಕ್ಕರು. ಫೋಟೋಗ್ರಾಫರ್ ಅರಿಗಾತೋ, ಅರಿಗಾತೋ ಎಂದು ಧನ್ಯವಾದ ಹೇಳುತ್ತಾ ಬಗ್ಗಿದವಳು ಏಳಲೇ ಇಲ್ಲ. ಅಳುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು. ನನಗೆ ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಿಗೆ ಬಂತು.

ಸಂತೆಯ ಮುಂಚಿನ ದಿನ ಪುಸ್ತಕದ ಡಬ್ಬಗಳು ಮನೆಗೆ ಬಂದವು. ಒಂದೊಂದನ್ನೂ ತೆರೆದು, ಮುಖ ಇದೆಯೇ ಎಂದು ನೋಡಿ ನೋಡಿ ಇಟ್ಟೆ.

ಮರುದಿನ ಫೋಟೋಗ್ರಾಫರ್ ಮತ್ತು ನಾನು ಆಂಟಿಯನ್ನು ಕರೆದುಕೊಂಡು ಮಿನಾಟೋಗೆ ಹೋದೆವು. ಮುಖಪುಟ ಏನಾಯಿತೆಂದು ಆಂಟಿ ಕೇಳಲಿಲ್ಲ, ನಾವೂ ಹೇಳಿರಲಿಲ್ಲ. ಬೆಳಿಗ್ಗೆಯೇ ಡಬ್ಬಗಳನ್ನು ಒಯ್ದಿದ್ದ ಸೆಂಡಾಯ್ ಹುಡುಗಿ ಅಷ್ಟರಲ್ಲೇ ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿಟ್ಟಿದ್ದಳು. ಆಂಟಿ ಹತ್ತಿರ ಬಂದು ನಿಂತರು. ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಪುಸ್ತಕ ಮುಟ್ಟಲಿಲ್ಲ. ಅವರಿಗೆ ಹಿಡಿಸಲಿಲ್ಲವೇನೋ ಅಂದುಕೊಂಡೆ.

"ಇಷ್ಟು ಸುಕ್ಕಾ ನಂಗೆ?" ಅಂದರು.

ಹಾಗೆ ಅಂದವರೇ ಒಂದು ಪ್ರತಿ ಎತ್ತಿಕೊಂಡು ಎದೆಗೆ ಅವುಚಿ ಹಿಡಿದರು. "ನಮ್ಮಮ್ಮನ ಥರಾನೇ ಇದೀನಲ್ಲೇ! ಒಂದು ದಿನಾನೂ ಗೊತ್ತೇ ಆಗಿರಲಿಲ್ಲ." ಅವರ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದರು. ನನ್ನ ಭುಜ ಎಷ್ಟು ದಿನಗಳಿಂದ ಬಿಗಿದುಕೊಂಡಿತ್ತೋ, ಅದು ಸಡಿಲವಾದಾಗಲೇ ತಿಳಿಯಿತು.

ಆಮೇಲೆ ಅವರು ಮೇಜಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಬಂದವರು ಪುಸ್ತಕ ನೋಡುತ್ತಿದ್ದರು, ತಲೆ ಎತ್ತಿ ಇವರನ್ನು ನೋಡುತ್ತಿದ್ದರು, ಮತ್ತೆ ಪುಸ್ತಕ. ಕೆಲವರು ಮಾತಿಗೆ ನಿಂತರು. ಯಾವ ಸಿನಿಮಾದಲ್ಲಿ ಎಲ್ಲಿ ನಿಂತಿದ್ದೆ ಎಂದು ಆಂಟಿ ಅಚ್ಚ ಜಪಾನಿಯಲ್ಲಿ ವಿವರಿಸುತ್ತಾ, ನಡುನಡುವೆ ನಮ್ಮ ಕಡೆ ತಿರುಗಿ, "ಏನಮ್ಮಾ, ಊಟ ಮಾಡ್ತೀರೋ ಇಲ್ವೋ?" ಎಂದು ಗದರಿದರು. ಮನೆಯಿಂದ ಪುಳಿಯೋಗರೆ ಮಾಡಿ ತಂದಿದ್ದರು. ಮೇಜಿನ ಮರೆಯಲ್ಲಿ ಕೂತು ಸರದಿಯಂತೆ ತಿಂದೆವು.

ಸಂಜೆ ಸೆಂಡಾಯ್ ಹುಡುಗಿ ತನ್ನ ರೈಲಿಗೆ ಓಡಿದಳು. ಉಳಿದ ನಾವು ಮೂವರು ಕಾವಾಸಾಕಿಯ ಕಡೆಯ ರೈಲು ಹತ್ತಿದೆವು. ಆಂಟಿಗೆ ಸೀಟು ಸಿಕ್ಕಿತು. ಕೂತ ತಕ್ಷಣ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಸಂಜೆಯ ಬಿಸಿಲು ಅವರ ಕೆನ್ನೆಯ ಮೇಲೆ ಬಿದ್ದಿತ್ತು. ಫೋಟೋಗ್ರಾಫರ್ ಸದ್ದಿಲ್ಲದೆ ಕ್ಯಾಮೆರಾ ಎತ್ತಿದಳು.

ಆಂಟಿ ಕಣ್ಣು ತೆರೆಯದೆ ಜಪಾನಿಯಲ್ಲಿ, "ಈಗ ಬೇಡ, ನಿದ್ದೆ ಮಾಡ್ತಿದೀನಿ" ಅಂದರು.

ಅವಳು ನಗು ತಡೆದುಕೊಂಡು ಕ್ಯಾಮೆರಾವನ್ನು ಚೀಲದೊಳಗೆ ಇಟ್ಟಳು.